ರಾಗಿ ಮುದ್ದೆಗೆ ಬೀಳದ ಮೀನು

ನಾನು ಒಂದು ಕಡೆ ಕೂರುವ ಆಸಾಮಿಯಲ್ಲ. ಬಸ್ಸು ಹತ್ತು ನಿಮಿಷ ತಡವಾದರೆ ಸಾಕು, ಮುಂದಿನ ಸ್ಟಾಪಿಗೆ ನಡೆದೇ ಹೊರಟುಬಿಡುತ್ತೇನೆ. ಎರಡು ಸ್ಟಾಪಿನ ನಡುವೆ ಇರುವಾಗ ಬಸ್ಸು ನನ್ನ ಪಕ್ಕದಲ್ಲೇ ಧೂಳೆಬ್ಬಿಸಿಕೊಂಡು ಹೋಗುತ್ತದೆ. ಹೀಗೆ ಎಷ್ಟು ಸಲ ಆಗಿದೆಯೋ, ಬುದ್ಧಿ ಮಾತ್ರ ಬಂದಿಲ್ಲ. ಇಂಥ ನನ್ನನ್ನು ಒಂದು ಭಾನುವಾರ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ, ಕೈಗೊಂದು ಬಿದಿರು ಕಡ್ಡಿ ಕೊಟ್ಟು, ಕೆರೆ ಏರಿಯ ಕಲ್ಲಿನ ಮೇಲೆ ಕೂರಿಸಿದವರು ಒಬ್ಬ ಹುಡುಗಿಯ ಅಪ್ಪ. ಅವರ ಮಗಳನ್ನು ನಾನು ಕೇಳಿದ್ದೆ. ಕೊಡುತ್ತಾರೋ ಇಲ್ಲವೋ ಅನ್ನುವುದು ಅವತ್ತು ತಿಳಿಯಬೇಕಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ನಾಗಮಂಗಲದ ಹತ್ತಿರ ನಮ್ಮೂರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ನನ್ನ ಅಕ್ಕನನ್ನು ಪಾಂಡವಪುರದ ಕಡೆಗೆ ಕೊಟ್ಟಿತ್ತು. ಅವಳ ಊರಿನ ಏರಿಯ ಮೇಲೆ ನಿಂತರೆ ಒಂದು ಕಡೆ ತುಂಬಿದ ಕೆರೆ, ಇನ್ನೊಂದು ಕಡೆ ಗದ್ದೆ, ದೂರದಲ್ಲಿ ಮೇಲುಕೋಟೆಯ ಬೆಟ್ಟ. ನಮ್ಮ ಒಣ ಸೀಮೆಯಿಂದ ಹೋದವನಿಗೆ ಅಷ್ಟು ನೀರು ಒಟ್ಟಿಗೆ ಕಂಡರೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತಿತ್ತು. ಆ ಹುಡುಗಿಯನ್ನು ನಾನು ಅಕ್ಕನ ಮನೆಯಲ್ಲಿ ಎರಡು ಸಲ ನೋಡಿದ್ದೆ. ಎರಡನೇ ಸಲ ನೋಡಿ ಬಂದ ಮೇಲೆ ಡೈರಿಯಲ್ಲಿ ಒಬ್ಬರ ಹಾಲನ್ನು ಇನ್ನೊಬ್ಬರ ಹೆಸರಿಗೆ ಬರೆದು ಬೈಸಿಕೊಂಡೆ. ಅಷ್ಟು ಹೇಳಿದರೆ ಸಾಕು.

ಅವಳ ಅಪ್ಪ ನನ್ನ ಬಾವನಿಗೆ ಚಿಕ್ಕಪ್ಪನ ವರಸೆ. ಹಾಗಾಗಿ ಸಂಬಂಧ ಆಗುವ ಮೊದಲೇ ಅವರು ನನಗೆ ಮಾವ. ಭತ್ತ ಮತ್ತು ಕಬ್ಬು ಬೆಳೆಯುತ್ತಿದ್ದ, ಮಾತು ಕಡಿಮೆಯ ಮನುಷ್ಯ. ಬಾವ ಹೋಗಿ ವಿಷಯ ಎತ್ತಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ. “ಆ ಹುಡುಗ ಬಲೇ ಸಿಟ್ಟಿನೋನಂತೆ, ನಿಜವಾ?”

ನಿಜ. ಒಂದು ಸಲ ನಮ್ಮ ಡೈರಿಯ ಅಧ್ಯಕ್ಷರ ಮನೆಯಿಂದಲೇ ನೀರು ಬೆರೆಸಿದ ಹಾಲು ಬಂದಿತ್ತು. ನಾನು ಕ್ಯಾನು ಎತ್ತಿ ಎಲ್ಲರೆದುರಿಗೆ ಚರಂಡಿಗೆ ಸುರಿದಿದ್ದೆ. ಆ ಸುದ್ದಿ ನಾಗಮಂಗಲದಿಂದ ಪಾಂಡವಪುರಕ್ಕೆ ನನಗಿಂತ ಮೊದಲೇ ಬಸ್ಸು ಹತ್ತಿಕೊಂಡು ಬಂದಿತ್ತು. ಬಾವ ಏನೋ ತೇಲಿಸಿ ಹೇಳಿದರಂತೆ. ಮಾವ, “ಭಾನುವಾರ ನಮ್ಮ ಕೆರೇಲಿ ಗಾಳದ ಪಂದ್ಯ ಅದೆ. ಅವನ್ನೂ ಕರ್ಕೊಂಡು ಬಾ. ನನ್ ಪಕ್ಕ ಕುಂತ್ಕಳ್ಳಿ. ಆಮ್ಯಾಕೆ ಮಾತಾಡಣ” ಅಂದರಂತೆ.

ಈ ಪಂದ್ಯ ನಡೆಸುತ್ತಿದ್ದವರು ಊರಿನ ಹುಡುಗರ ಸಂಘದವರು. ಕೆರೆಯ ಮೀನು ಗುತ್ತಿಗೆ ಹಿಡಿದವನು ಬಲೆ ಎಳೆದು ಮುಗಿಸಿದ ಮೇಲೆ ವರ್ಷಕ್ಕೊಂದು ಭಾನುವಾರ ಊರವರಿಗೆ ಬಿಟ್ಟುಕೊಡುತ್ತಿದ್ದ. ಒಬ್ಬರಿಗೆ ಒಂದೇ ಗಾಳ. ಹಿಡಿದ ಮೀನನ್ನು ಈರುಳ್ಳಿ ತುಂಬುವ ಬಲೆಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಕಾಲ ಬುಡದಲ್ಲಿ ನೀರಿಗೆ ಇಳಿಬಿಡಬೇಕು. ಕೊನೆಯಲ್ಲಿ ಯಾರ ಚೀಲ ಹೆಚ್ಚು ತೂಗುತ್ತದೋ ಅವರು ಗೆದ್ದಂತೆ. ಮೊದಲನೆಯವರಿಗೆ ಕುಕ್ಕರು, ಎರಡನೆಯವರಿಗೆ ಬಿಂದಿಗೆ, ಮೂರನೆಯವರಿಗೆ ಸ್ಟೀಲ್ ಬಕೆಟ್ಟು. ಏರಿಯ ಕಲ್ಲುಗಳ ಮೇಲೆ ಸುಣ್ಣದಲ್ಲಿ ನಂಬರು ಬರೆದಿದ್ದರು. ಚೊಂಬಿನಿಂದ ಚೀಟಿ ಎತ್ತಿ, ಬಂದ ನಂಬರಿನಲ್ಲಿ ಕೂರಬೇಕು. ನನಗೆ ದೂರದ ತೂಬಿನ ಹತ್ತಿರದ ಕಲ್ಲು ಬಂದಿತ್ತು. ಬಾವ ಯಾರನ್ನೋ ಪುಸಲಾಯಿಸಿ ಚೀಟಿ ಬದಲಾಯಿಸಿ ನನ್ನನ್ನು ಮಾವನ ಪಕ್ಕಕ್ಕೆ ತಂದು ಹಾಕಿದರು.

ಹಾಕುವ ಮೊದಲು ಮರದ ಮರೆಗೆ ಕರೆದು ಎರಡು ಮಾತು ಕಿವಿಗೆ ಊದಿದರು.

“ಲೇ, ನೋಡ್ಲಾ. ಬಾಯ್ ಮುಚ್ಕೊಂಡು ಕುಂತಿರು. ಆಮೇಲೆ ಇನ್ನೊಂದು, ಚಿಕ್ಕಪ್ಪಂಗಿಂತ ಜಾಸ್ತಿ ಇಡೀಬ್ಯಾಡ.”

“ನಂಗೆ ಒಂದೂ ಬೀಳಾಕಿಲ್ಲ, ಬುಡಿ ಬಾವ.”

“ಬಿದ್ರೆ ಅಂತ ಏಳ್ದೆ ಕಣ್ಲಾ. ಹೆಣ್ ಕೇಳಾಕೆ ಬಂದೋನು ಹೆಣ್ಣಿನ ಅಪ್ಪನ್ನೇ ಸೋಲಿಸ್ಬುಟ್ಟು ಓದ ಅಂತ ಆಡ್ಕೊಂಡಾರು. ಚಿಕ್ಕಪ್ಪ ಮೊದಲ್ನೇ ಪಂದ್ಯದಿಂದ್ಲೂ ಕುಂತಾವ್ರೆ, ಒಂದು ಸಲಾನೂ ಬವುಮಾನ ಬಂದಿಲ್ಲ. ಅದೊಂದು ಕೊರಗು ಅವ್ರಿಗೆ.”

ಈ ಕೊರಗಿನ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮೊದಲನೆಯದು ಕೂತಿದ್ದರೆ ಚೆನ್ನಾಗಿತ್ತು.

ಏಳು ಗಂಟೆಗೆ ಸೀಟಿ ಊದಿದರು. ಮಾವ ತಮ್ಮ ಕಲ್ಲಿನ ಮೇಲೆ ಟವೆಲ್ಲು ಹಾಸಿ, ಪಂಚೆ ಮಡಚಿ ಕೂತು, ಒಂದು ಅಲ್ಯೂಮಿನಿಯಂ ಡಬ್ಬಿ ತೆಗೆದರು. ಒಳಗೆ ರಾಗಿ ಮುದ್ದೆ, ಕಡಲೆಕಾಯಿ ಹಿಂಡಿ ಬೆರೆಸಿ ನಾದಿದ್ದು. ಅದರಲ್ಲಿ ಗೋಲಿಯಷ್ಟು ಚಿವುಟಿ, ಅಂಗೈಯಲ್ಲಿ ಉರುಳಿಸಿ, ಗಾಳದ ಮೊನೆ ಮುಚ್ಚುವಂತೆ ಕಟ್ಟಿ, ಸದ್ದಾಗದ ಹಾಗೆ ನೀರಿಗೆ ಬಿಟ್ಟರು. ನನ್ನ ಕೈಯಲ್ಲಿದ್ದದ್ದು ಅಕ್ಕ ಬಚ್ಚಲ ಹಿಂದೆ ಅಗೆದು ಕೊಟ್ಟಿದ್ದ ಎರೆಹುಳು. ನಾನು ಡಬ್ಬಿಯನ್ನು ಅವರ ಕಡೆ ಚಾಚಿದೆ.

“ತಕಳಿ ಮಾವ, ಉಳ.”

“ಬ್ಯಾಡ ಕಣಪ್ಪಾ. ನಂಗದು ಆಗಾಕಿಲ್ಲ. ಗದ್ದೇಲಿ ನಮ್ ಜೊತೆ ದುಡಿಯೋವು ಅವು. ನಾನು ಯಾವತ್ತೂ ಮುದ್ದೇನೇ ಕಟ್ಟಾದು.”

ಅವತ್ತು ಅವರು ನನ್ನೊಡನೆ ಅಷ್ಟುದ್ದ ಮಾತಾಡಿದ್ದು ಮಧ್ಯಾಹ್ನದವರೆಗೆ ಅದೊಂದೇ ಸಲ.

ಆಮೇಲೆ ಶುರುವಾಯಿತು ನನ್ನ ಪಾಡು. ನೀರಿನ ಮೇಲೆ ಬೆಂಡು ತೇಲುತ್ತಿದೆ. ಅದನ್ನು ನೋಡಬೇಕು. ಅದು ಮುಳುಗುವವರೆಗೆ ನೋಡುತ್ತಲೇ ಇರಬೇಕು. ಮುಳುಗದಿದ್ದರೆ ಮುಳುಗಿಲ್ಲ ಅಂತ ನೋಡಬೇಕು. ಇದನ್ನು ಜನ ಆಟ ಅನ್ನುತ್ತಾರಲ್ಲ! ಎರಡು ನಿಮಿಷಕ್ಕೊಮ್ಮೆ ನಾನು ಗಾಳ ಎತ್ತಿ ಹುಳು ಇದೆಯೋ ಇಲ್ಲವೋ ನೋಡಿದೆ. ಇತ್ತು. ಎಡಕ್ಕೆ ಹಾಕಿದೆ, ಬಲಕ್ಕೆ ಹಾಕಿದೆ. ಕಲ್ಲು ಚುಚ್ಚಿತು, ಸರಿದು ಕೂತೆ. ಕಾಲು ಜೋಮು ಹಿಡಿಯಿತು, ಎದ್ದು ನಿಂತೆ. ಎದ್ದು ನಿಂತದ್ದಕ್ಕೆ ನನ್ನ ಬಲಗಡೆಯವನು, ತಲೆಗೆ ಟವೆಲ್ಲು ಸುತ್ತಿದ ಒಬ್ಬ ದಪ್ಪನೆಯ ಆಸಾಮಿ, “ನೆಳ್ಳು ಬೀಳ್ತದೆ, ಕುಂತ್ಕೊಳಯ್ಯ” ಅಂದ. ನನಗೆ ಉರಿದುಹೋಯಿತು. ನಿನ್ನ ಕೆರೆಯೇನಯ್ಯಾ ಅಂತ ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಮಾವ ನನ್ನ ಕಡೆ ತಿರುಗಲೇ ಇಲ್ಲ. ಆದರೆ ಅವರ ಕಿವಿ ಇತ್ತ ಕಡೆಗೇ ಇದೆ ಅನ್ನಿಸಿತು.

ಅವರಿಗೆ ಒಂದೊಂದಾಗಿ ಬೀಳುತ್ತಿತ್ತು. ಅಂಗೈ ಅಗಲದ ಜಿಲೇಬಿ ಮೀನು, ಚಿಕ್ಕ ಗೆಂಡೆ, ಮತ್ತೊಂದು ಜಿಲೇಬಿ. ಪ್ರತಿಯೊಂದನ್ನೂ ಅವರು ಕೈ ಒದ್ದೆ ಮಾಡಿಕೊಂಡೇ ಹಿಡಿದು, ಗಾಳ ಬಿಡಿಸಿ, ಚೀಲಕ್ಕೆ ಬಿಡುತ್ತಿದ್ದರು. ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಆ ಮುಖದಲ್ಲಿ ಏನಾದರೂ ಕಾಣುವುದು. ಬೆಂಡು ನೋಡುವುದು ಬಿಟ್ಟು ನಾನು ಮಾವನನ್ನೇ ನೋಡುತ್ತಿದ್ದೆ. ಈಗ ಕೊಡುತ್ತೇನೆ ಅಂದುಕೊಂಡರಾ? ಈಗ ಬೇಡ ಅಂದುಕೊಂಡರಾ? ಸೊಳ್ಳೆ ಹೊಡೆದುಕೊಂಡರೆ ಅಂಕ ಕಳೆಯುತ್ತಾರಾ? ಶಾಲೆಯಲ್ಲಿ ಯಾವ ಪರೀಕ್ಷೆಯಲ್ಲೂ ನಾನು ಇಷ್ಟು ಒದ್ದಾಡಿರಲಿಲ್ಲ. ಅಲ್ಲಿ ಅರ್ಧ ಗಂಟೆಗೇ ಪೇಪರು ಕೊಟ್ಟು ಹೊರಗೆ ಬರಬಹುದಿತ್ತು.

ಹತ್ತು ಗಂಟೆಗೆ ಬಿಸಿಲು ಏರಿತು. ಸಂಘದ ಹುಡುಗನೊಬ್ಬ ಏರಿಯ ಮೇಲೆ ನಡೆದುಕೊಂಡು ಹೋಗುತ್ತಾ, ತೂಬಿನ ಹತ್ತಿರದವನಿಗೆ ಎರಡು ದೊಡ್ಡ ಗೆಂಡೆ ಬಿದ್ದಿವೆ ಅಂತ ಸಾರಿ ಹೋದ. ತೂಬಿನ ಹತ್ತಿರದ್ದು ನನ್ನ ಕಲ್ಲು! ಅಲ್ಲೇ ಕೂತಿದ್ದರೆ ಅನ್ನಿಸಿ ಇನ್ನಷ್ಟು ಮೈ ಪರಚಿಕೊಂಡೆ. ಆಮೇಲೆ ಬಾವನ ಮಾತು ನೆನಪಾಗಿ, ಬೀಳದಿದ್ದದ್ದೇ ಒಳ್ಳೆಯದಾಯಿತು ಅಂದುಕೊಂಡೆ. ಮಾವನ ಚೀಲ ಕಣ್ಣಳತೆಯಲ್ಲೇ ತೂಗಿ ನೋಡಿದೆ. ಹಾಲು ಅಳೆದು ಅಳೆದು ನನಗೆ ಆ ಚಟ. ಎಲ್ಲ ಸೇರಿದರೂ ತೂಬಿನವನ ಎರಡು ಮೀನಿಗೆ ಸಮ ಬಾರದು, ಮೂರನೇ ಬಹುಮಾನಕ್ಕೂ ಸಾಲದು ಅನ್ನಿಸಿತು. ಈ ವರ್ಷವೂ ಇಲ್ಲ. ಇವರು ಸೋತ ಮುಖ ಹೊತ್ತುಕೊಂಡು ಮನೆಗೆ ಹೋಗುತ್ತಾರೆ, ಅಂಥ ಹೊತ್ತಿನಲ್ಲಿ ನನ್ನ ವಿಷಯ ಎತ್ತುತ್ತಾರೆ, ಉಹೂಂ ಅನ್ನುತ್ತಾರೆ. ನನ್ನ ತಲೆ ಹೀಗೆ ಒಂದಕ್ಕೊಂದು ಗಂಟು ಹಾಕಿಕೊಂಡು ಓಡುತ್ತಿತ್ತು. ಗೆದ್ದವರು ಯಾರಿಗೂ ಇಲ್ಲ ಅನ್ನುವುದಿಲ್ಲ, ಅಲ್ಲವಾ?

ಹನ್ನೆರಡೂವರೆ ಇರಬಹುದು. ಮಾವ ಗಾಳ ಎತ್ತಿಟ್ಟು, ನೀರು ಕುಡಿದು ಬರುತ್ತೇನೆ ಅಂತ ಸನ್ನೆ ಮಾಡಿ ಏರಿ ಹತ್ತಿ ಹುಣಸೆ ಮರದ ಕಡೆ ಹೋದರು. ಬಲಗಡೆಯ ದಪ್ಪನೆಯವನು ಮುಖದ ಮೇಲೆ ಟವೆಲ್ಲು ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ. ನಾನು ಬೇಸರಕ್ಕೆ ಗಾಳವನ್ನು ಸುಮ್ಮನೆ ಎಳೆದೆ, ಬಿಟ್ಟೆ, ಎಳೆದೆ. ಮೂರನೇ ಸಲಕ್ಕೆ ಅದು ವಾಪಸ್ಸು ಎಳೆಯಿತು.

ಕಡ್ಡಿ ಬಿಲ್ಲಾಗಿ ಬಗ್ಗಿತು. ನಾನು ಎರಡೂ ಕೈಯಲ್ಲಿ ಹಿಡಿದು, ಕಾಲು ಕಲ್ಲಿಗೆ ಒತ್ತಿ, ಹಿಂದಕ್ಕೆ ಬೀಳುವ ಹಾಗೆ ಜಗ್ಗಿದೆ. ಮೇಲೆ ಬಂದದ್ದು ನನ್ನ ಮೊಳಕ್ಕಿಂತ ಉದ್ದದ, ಚಪ್ಪಟೆಯ, ಬೆಳ್ಳಗೆ ಹೊಳೆಯುವ, ದೊಡ್ಡ ಬಾಯಿಯ ಮೀಸೆ ಮೀನು. ಅದನ್ನು ಬಾಳೆಮೀನು ಅನ್ನುತ್ತಾರೆ ಅಂತ ಆಮೇಲೆ ತಿಳಿಯಿತು. ಗಾಳ ಬಿಡಿಸುವಾಗ ಬೆರಳು ಕಚ್ಚಿ ರಕ್ತ ಬರಿಸಿತು. ಎರಡು ಕಿಲೋ ಆದರೂ ಇತ್ತು.

ನಾನು ಯೋಚನೆ ಮಾಡಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಐದೂವರೆ ಗಂಟೆ ಕೂತು ಕೂತು ಕೈಗೆ ಏನಾದರೂ ಮಾಡುವುದು ಬೇಕಿತ್ತು. ಮಾವನ ಚೀಲದ ಗಂಟು ಬಿಚ್ಚಿದೆ, ಮೀನನ್ನು ಒಳಗೆ ತುರುಕಿದೆ, ಗಂಟು ಹಾಕಿ ನೀರಿಗೆ ಬಿಟ್ಟೆ. ವಾಪಸ್ಸು ನನ್ನ ಕಲ್ಲಿನ ಮೇಲೆ ಕೂತು ಗಾಳಕ್ಕೆ ಹೊಸ ಹುಳು ಕಟ್ಟಿದೆ. ಖುಷಿಯಾಗಿತ್ತು. ಜೀವಮಾನದಲ್ಲಿ ಇಷ್ಟು ಒಳ್ಳೆಯ ಕೆಲಸವನ್ನು ಇಷ್ಟು ಬೇಗ ನಾನು ಮಾಡಿರಲಿಲ್ಲ.

ಮಾವ ಬಂದು ಕೂತರು. “ಏನಾರ ಬಿತ್ತಾ?”

“ಇಲ್ಲ ಮಾವ.”

“ಕೈಗೇನಾಯ್ತು?”

“ಗಾಳ ಚುಚ್ಕೊಂತು.”

ಅವರು ತಮ್ಮ ಟವೆಲ್ಲಿನ ಅಂಚು ಹರಿದು ನನ್ನ ಬೆರಳಿಗೆ ಸುತ್ತಿಕೊಟ್ಟರು.

ಒಂದು ಗಂಟೆಗೆ ಸೀಟಿ. ಹುಣಸೆ ಮರದ ಕೊಂಬೆಗೆ ತಕ್ಕಡಿ ಕಟ್ಟಿದ್ದರು. ತೂಗುತ್ತಿದ್ದವರು ಊರಿನ ಆಲೆಮನೆಯ ಯಜಮಾನರು, ಬೆಲ್ಲ ತೂಗಿ ತೂಗಿ ಕೈ ಪಳಗಿದವರು. ಒಬ್ಬೊಬ್ಬರಾಗಿ ಬಂದು ಚೀಲವನ್ನು ಗೋಣಿತಾಟಿನ ಮೇಲೆ ಸುರಿಯಬೇಕು, ಎಲ್ಲರೂ ನೋಡಬೇಕು, ಆಮೇಲೆ ತೂಕ. ನನ್ನ ಖಾಲಿ ಚೀಲ ನೋಡಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಇನ್ನೊಂದು ಗಳಿಗೆ ತಾಳಿ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಮಾವ ಚೀಲ ಎತ್ತಿದಾಗಲೇ ಅವರ ಹುಬ್ಬು ಗಂಟಿಕ್ಕಿತು. ಭಾರ ಕೈಗೆ ಗೊತ್ತಾಗಿತ್ತು. ಸುರಿದರು. ಜಿಲೇಬಿಗಳು ಬಿದ್ದವು, ಗೆಂಡೆಗಳು ಬಿದ್ದವು, ಅವುಗಳ ಮೇಲೆ ಬಾಳೆಮೀನು ಬಿತ್ತು.

ಎಲ್ಲರೂ ಒಮ್ಮೆ ಮೀನನ್ನು, ಒಮ್ಮೆ ಮಾವನನ್ನು ನೋಡಿದರು. ನನಗೆ ಅರ್ಥವಾಗಲಿಲ್ಲ. ಚಪ್ಪಾಳೆ ತಟ್ಟಬೇಕಲ್ಲ ಇವರು?

ಆಲೆಮನೆಯ ಯಜಮಾನರು ಬಗ್ಗಿ ಮೀನಿನ ಬಾಯಿ ಅಗಲಿಸಿ ನೋಡಿದರು. “ಏನ್ರಣ್ಣ, ಬಾಳೆಮೀನು ಯಾವಾಗಿಂದ ರಾಗಿ ಮುದ್ದೆ ತಿನ್ನಾಕೆ ಶುರು ಮಾಡ್ತು?”

ಆಗ ನಗು ಎದ್ದಿತು. ಬಾಳೆಮೀನು ಹಿಟ್ಟು ಮುಟ್ಟುವುದಿಲ್ಲ. ಅದಕ್ಕೆ ಜೀವ ಇರುವುದೇ ಬೇಕು, ಓಡಾಡುವ ಹುಳು ಬೇಕು, ಮರಿ ಮೀನು ಬೇಕು. ಆ ಕೆರೆಯ ದಡದಲ್ಲಿದ್ದ ಪ್ರತಿಯೊಬ್ಬನಿಗೂ ಅದು ಗೊತ್ತಿತ್ತು, ಒಣ ಸೀಮೆಯಿಂದ ಬಂದ ನನ್ನೊಬ್ಬನನ್ನು ಬಿಟ್ಟು. ಮಾವ ಮುದ್ದೆ ಬಿಟ್ಟು ಬೇರೇನೂ ಕಟ್ಟುವುದಿಲ್ಲ ಅನ್ನುವುದೂ ಎಲ್ಲರಿಗೂ ಗೊತ್ತಿತ್ತು. ನನ್ನ ಬಲಗಡೆ ಗೊರಕೆ ಹೊಡೆದಿದ್ದ ಆ ದಪ್ಪನೆಯವನೇ ಹಿಂದಿನಿಂದ ಕೂಗಿದ. “ಗುತ್ತಿಗೆದಾರನ ತಾವ ಈಸ್ಕೊಂಡು ಬಂದವ್ರೆ! ಪಾಪ, ಬವುಮಾನದ ಆಸೆ!”

ಮಾವನ ಮುಖದಲ್ಲಿ ಬೆಳಿಗ್ಗೆಯಿಂದ ಕಾಣದ್ದು ಈಗ ಕಂಡಿತು. ಅದನ್ನು ನಾನು ಹೇಗೆ ಹೇಳಲಿ? ತಮ್ಮ ಊರಿನ ಮಧ್ಯದಲ್ಲಿ, ತಾವು ಹುಟ್ಟಿ ಬೆಳೆದ ಕೆರೆಯ ಮೇಲೆ, ಆ ಮನುಷ್ಯ ಕಳ್ಳನ ಹಾಗೆ ನಿಂತಿದ್ದರು. “ಇದು ನಂದಲ್ಲ ಕಣ್ರಪ್ಪಾ” ಅಂದರು. ಇನ್ನೊಂದು ಸಲ ಅಂದರು. ನಗು ನಿಲ್ಲಲಿಲ್ಲ.

ನನ್ನ ಸಿಟ್ಟು ಆಗ ಬಂತು. ಬೆಳಿಗ್ಗೆಯಿಂದ ಬಿಗಿಹಿಡಿದಿದ್ದ ಸಿಟ್ಟೆಲ್ಲ ಒಂದೇ ಸಲ. ದಪ್ಪನೆಯವನ ಎದೆಗೆ ಕೈ ಹಾಕಿ ತಳ್ಳಿ, “ನಾನ್ ಹಾಕ್ದೆ ಕಣಯ್ಯಾ! ನಾನ್ ಇಡ್ದಿದ್ದು, ನಾನೇ ಅವ್ರ ಚೀಲುಕ್ ಹಾಕ್ದೆ! ಅವ್ರಿಗೆ ಗೊತ್ತೇ ಇಲ್ಲ. ಏನೀಗ?” ಅಂತ ಕೂಗಿ, ಬೆರಳಿನ ಬಟ್ಟೆ ಬಿಚ್ಚಿ ಮೀನು ಕಚ್ಚಿದ ಗಾಯ ಎಲ್ಲರಿಗೂ ತೋರಿಸಿದೆ. ಬಾವ ಓಡಿ ಬಂದು ಹಿಂದಿನಿಂದ ನನ್ನನ್ನು ತಬ್ಬಿ ಹಿಡಿದರು. ಯಜಮಾನರು ಗಾಯ ನೋಡಿದರು, ಮೀನಿನ ಹಲ್ಲು ನೋಡಿದರು, ತಲೆಯಾಡಿಸಿದರು.

ನಂಬಿದರು. ಆದರೆ ಒಬ್ಬರ ಚೀಲಕ್ಕೆ ಇನ್ನೊಬ್ಬರು ಕೈ ಹಾಕಿದರೆ ಇಬ್ಬರೂ ಪಂದ್ಯದಿಂದ ಆಚೆ. ಅದು ಮೊದಲೇ ಓದಿ ಹೇಳಿದ್ದ ನಿಯಮ. ಹೇಳುವಾಗ ನಾನು ಕೇಳಿಸಿಕೊಂಡಿರಲಿಲ್ಲ, ಮಾವನ ಮುಖ ನೋಡುತ್ತಿದ್ದೆ. ಯಜಮಾನರು ದೊಡ್ಡವರು, ಮರ್ಯಾದೆಗೆ ಅಂತ ಬಾಳೆಮೀನನ್ನು ಪಕ್ಕಕ್ಕಿಟ್ಟು ಮಾವನ ಸ್ವಂತ ಮೀನುಗಳನ್ನು ತಕ್ಕಡಿಗೆ ಹಾಕಿ ನೋಡಿದರು. ನನ್ನ ಕಣ್ಣಳತೆ ತಪ್ಪಾಗಿತ್ತು. ಬಕೆಟ್ಟು ಗೆದ್ದವನದ್ದಕ್ಕಿಂತ ಅವರದ್ದು ಒಂದು ಗೆಂಡೆಯಷ್ಟು ಹೆಚ್ಚೇ ತೂಗಿತು. “ಅಯ್ಯೋ, ಮೂರ್ನೇದು ನಿಮ್ದೇ ಆಗಿತ್ತಲ್ಲಣ್ಣ” ಅಂದರು ಯಜಮಾನರು. ಮಾವ ಮೀನುಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿಕೊಂಡರು.

ಏರಿಯ ಮೇಲೆ ವಾಪಸ್ಸು ನಡೆಯುವಾಗ ನಾನು ಅವರ ಹಿಂದೆ ಹತ್ತು ಹೆಜ್ಜೆ ಬಿಟ್ಟು ಬರುತ್ತಿದ್ದೆ. ಬಾವ ಬೈಯುವುದಕ್ಕೂ ಮನಸ್ಸಿಲ್ಲದೆ ನನ್ನ ಪಕ್ಕದಲ್ಲಿ ನಡೆಯುತ್ತಿದ್ದರು. ಮುಗಿಯಿತು ಅಂದುಕೊಂಡೆ. ಊರ ಬಾಗಿಲಲ್ಲಿ ಮಾವ ನಿಂತರು. ಬೈಯುತ್ತಾರೆ, ಬೈಸಿಕೊಂಡು ಬಸ್ಸು ಹತ್ತೋಣ ಅಂತ ನಾನೂ ನಿಂತೆ.

“ಎಲ್ರ ಮುಂದೆ ಒಪ್ಕೊಂಡೆಯಲ್ಲ, ಅದು ಸುಲಭ ಅಲ್ಲ ಕಣಪ್ಪಾ” ಅಂದರು. “ಮನೇಗೆ ಬಾ. ಉಂಡ್ಕೊಂಡು ಓಗು.”

ಬಾವ ನನ್ನ ಬೆನ್ನಿಗೆ ಗುದ್ದಿದರು. ನೆಲದ ಮೇಲೆ ಕಾಲು ನಿಲ್ಲಲಿಲ್ಲ ನನಗೆ. ಹೆಣ್ಣು ಕೇಳಲು ಬಂದವನನ್ನು ಮನೆಗೆ ಕರೆದು ಊಟ ಹಾಕುವುದೆಂದರೆ ನಮ್ಮ ಕಡೆ ಅರ್ಧ ಒಪ್ಪಿಗೆ. ಅವರ ಜಗುಲಿಯ ಮೇಲೆ ಕೂತು ಸಾರು ಕುದಿಯುವವರೆಗೆ ಕಾದೆ. ಅವತ್ತು ನಾನು ಅಲುಗಾಡದೆ ಕೂತದ್ದು ಅದೊಂದೇ ಅರ್ಧ ಗಂಟೆ. ಮಾವನ ಮೀನಿನದ್ದೇ ಸಾರು. ಹುಣಸೆಹುಳಿ ಜೋರಾಗಿ ಬಿಟ್ಟಿದ್ದರು. ಎರಡು ಮುದ್ದೆ ಇಳಿಸಿದೆ.

ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಅವಳು ತಂಬಿಗೆ ಹಿಡಿದು ನಿಂತಿದ್ದಳು. ಕೆರೆಯ ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಕೈಗೆ ನೀರು ಹಾಕುತ್ತಾ, ಒಳಗಿನವರಿಗೆ ಕೇಳದಷ್ಟು ಮೆಲ್ಲಗೆ ಕೇಳಿದಳು.

“ಯಾಕಂಗ್ ಮಾಡುದ್ರಿ?”

“ಮಾವ ಗೆಲ್ಲಿ ಅಂತ.”

“ನಮ್ಮಪ್ಪನ ಕೈಲಿ ಆಗಾಕಿಲ್ಲ ಅಂತ ಅಂದ್ಕೊಂಡ್ರಾ?”

ಹಾಗಲ್ಲ ಅಂತ ಬಾಯಿ ತೆಗೆದೆ. ಆದರೆ ನಾನು ಹಾಗೆಯೇ ಅಂದುಕೊಂಡಿದ್ದೆ. ಚೀಲ ಕಣ್ಣಿನಲ್ಲೇ ತೂಗಿ, ಇವರಿಂದ ಆಗದು ಅಂತ ತೀರ್ಮಾನ ಮಾಡಿದ ಮೇಲೆಯೇ ನನ್ನ ಕೈ ನೀರಿಗೆ ಇಳಿದದ್ದು.

“ಮೂರ್ನೇದು ಬತ್ತಿತ್ತಂತೆ” ಅಂದಳು.

“ಊಂ.”

ಅವಳು ಮಿಕ್ಕ ನೀರನ್ನು ಕನಕಾಂಬರದ ಬುಡಕ್ಕೆ ಚೆಲ್ಲಿ ಒಳಗೆ ಹೋದಳು. ನಾನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮಾವನಿಗೆ ಕೈ ಮುಗಿದು, ನಾಗಮಂಗಲದ ಬಸ್ಸು ಹಿಡಿದೆ.

ಎಂಟು ದಿನ ಡೈರಿಯಲ್ಲಿ ನಾನು ನಿಂತಲ್ಲಿ ನಿಲ್ಲಲಿಲ್ಲ. ರಸ್ತೆಯಲ್ಲಿ ಸೈಕಲ್ ಬೆಲ್ಲಾದರೆ ಆಚೆ ಬಂದು ನೋಡುತ್ತಿದ್ದೆ. ಒಂಬತ್ತನೇ ದಿನ ಬೆಳಿಗ್ಗೆ ಹಾಲು ಅಳೆಯುವ ಹೊತ್ತಿಗೆ ಬಾವ ಬಂದರು. ಮುಖ ನೋಡಿದರೆ ಸಾಕಿತ್ತು. ಆದರೂ ಕೇಳಿದೆ.

“ಮಾವ ಬ್ಯಾಡ ಅಂದ್ರಾ?”

“ಚಿಕ್ಕಪ್ಪ ಒಪ್ಪಿದ್ರು ಕಣ್ಲಾ. ಒಳ್ಳೇ ಹುಡುಗ, ಮನಸು ಒಳ್ಳೇದು ಅಂದ್ರು. ಅವಳು ಒಲ್ಲೆ ಅಂದ್ಲು.”

“ನನ್ ಸಿಟ್ಟಿಗಾ?”

“ಸಿಟ್ಟಿನ ಮಾತೇ ಎತ್ತಲಿಲ್ಲ ಅವಳು.” ಬಾವ ನನ್ನ ಹೆಗಲ ಮೇಲೆ ಕೈಯಿಟ್ಟರು. “ನಾಳೆ ನಂಗೂ ಅಂಗೇ ಮಾಡ್ತಾರೆ ಅಂದ್ಲಂತೆ. ನಾನೊಂದು ಕೆಲಸಕ್ಕೆ ಕೈ ಹಾಕಿ ಕುಂತಿರ್ತೀನಿ, ಇವಳ ಕೈಲಿ ಆಗಾಕಿಲ್ಲ ಅಂದ್ಬುಟ್ಟು, ನಂಗೆ ಗೊತ್ತಾಗ್ದಂಗೆ ಅವರೇ ಮಾಡ್ಬುಡ್ತಾರೆ, ಆಮ್ಯಾಕೆ ನಾನು ಎಲ್ರ ಮುಂದೆ ನಿಂತ್ಕೊಬೇಕು, ಅಂತ.”

ಆರು ಗಂಟೆ ಕಾಲ ನಾನು ಅವಳ ಅಪ್ಪನ ಮುಖದಲ್ಲಿ ಉತ್ತರ ಹುಡುಕಿದ್ದೆ. ಉತ್ತರ ಕೊಡುವವಳು ಅವಳು ಅನ್ನುವುದು ಒಂದು ಸಲವೂ ತಲೆಗೆ ಬಂದಿರಲಿಲ್ಲ. ನಾನು ಕೂಗಾಡುತ್ತೇನೆ ಅಂತ ಬಾವ ಕಾದರು. ನಾನೂ ಕಾದೆ. ಸಿಟ್ಟು ಬಂದಿದ್ದರೆ ಎರಡು ದಿನದಲ್ಲಿ ಇಳಿದುಹೋಗುತ್ತಿತ್ತು. ಅದು ಬರಲಿಲ್ಲ. ಅವಳು ಹೇಳಿದ್ದು ಸರಿ ಅಂತ ಆಗಲೇ ಗೊತ್ತಾಗಿತ್ತು, ಆ ಮಾತು ಮಾತ್ರ ಇವತ್ತಿಗೂ ಇಳಿದಿಲ್ಲ.